ಪದಚರ್ಚೆ: ರೇಡಿಯೊ ನಿಲಯದ ಫಲಕಕ್ಕೆ ‘ಸ್ಟ್ರೀಮಿಂಗ್’, ‘ಪಾಡ್‌ಕಾಸ್ಟ್’ (ತುರ್ತು)

ಪ್ರಶ್ನೆ, ಬಯಲುಸೀಮೆಯ ಒಂದು ಸಮುದಾಯ ರೇಡಿಯೊದಿಂದ

ಎಲ್ಲರಿಗೂ ನಮಸ್ಕಾರ.

ನಮ್ಮದು ಚಿಕ್ಕ ನಿಲಯ. ಎಫ್‌ಎಂ ಪ್ರಸಾರ ಸುತ್ತಲಿನ ಹಳ್ಳಿಗಳನ್ನು ದಾಟುವುದಿಲ್ಲ. ದುಡಿಯಲು ಬೆಂಗಳೂರಿಗೆ ಹೋದ ನಮ್ಮೂರಿನವರು ಅಲ್ಲಿಂದಲೂ ಕೇಳಲಿ ಎಂದು ಈಗ ಮೊಬೈಲ್ ಆ್ಯಪ್ ಮಾಡಿಸಿದ್ದೇವೆ. ಅದರಲ್ಲಿ ಎರಡು ಭಾಗಗಳಿವೆ. ಎಫ್‌ಎಂನಲ್ಲಿ ಬರುವುದೇ ಆ ಹೊತ್ತಿಗೆ ಒಂದರಲ್ಲಿ ಬರುತ್ತದೆ, ಇದು ಸ್ಟ್ರೀಮಿಂಗ್. ಇನ್ನೊಂದರಲ್ಲಿ ಹಿಂದಿನ ಕಾರ್ಯಕ್ರಮಗಳಿವೆ: ಸೋಬಾನೆ ಪದಗಳು, ರೇಷ್ಮೆ ಬೆಳೆಗಾರರ ಮಾತುಕತೆ, ವೈದ್ಯರ ಸಲಹೆ. ಅವನ್ನು ಇಳಿಸಿಕೊಂಡು ಬಿಡುವಾದಾಗ ಕೇಳಬಹುದು, ಇದು ಪಾಡ್‌ಕಾಸ್ಟ್.

ಬಾಗಿಲ ಮೇಲಿನ ಫಲಕವನ್ನು ಹೊಸದಾಗಿ ಬರೆಸುತ್ತಿದ್ದೇವೆ. ಪೇಂಟರ್ ಶನಿವಾರ ಬೆಳಿಗ್ಗೆ ಬರುತ್ತಾರೆ. ಈಗ ನಮ್ಮ ಕೈಯಲ್ಲಿರುವುದು ಇಷ್ಟು: ತಲೆಬರಹ ‘ಡಿಜಿಟಲ್ ರೇಡಿಯೊ’, ಕೆಳಗೆ ‘ತರಂಗಾಂತರ 90.4’, ಅದರ ಕೆಳಗೆ ‘ಮೊಬೈಲ್‌ನಲ್ಲಿ ನೇರಪ್ರಸಾರ’. ಪಾಡ್‌ಕಾಸ್ಟ್‌ಗೆ ಏನೂ ಹೊಳೆಯಲಿಲ್ಲ. ಫಲಕವನ್ನು ಓದುವವರಲ್ಲಿ ಶಾಲೆಯ ಮಕ್ಕಳೂ ಇದ್ದಾರೆ, ಹೊಲದಿಂದ ಬರುವ ಹೆಂಗಸರೂ ಇದ್ದಾರೆ. ದಯವಿಟ್ಟು ಬೇಗ ತಿಳಿಸಿ.

ಬೆಂಗಳೂರಿನಿಂದ

ಸ್ಟ್ರೀಮಿಂಗ್, ಪಾಡ್‌ಕಾಸ್ಟ್ ಎಂದೇ ಬರೆಸಿ. ರೇಡಿಯೊ, ಎಫ್‌ಎಂ, ಮೊಬೈಲ್, ಆ್ಯಪ್ ನಾಲ್ಕನ್ನೂ ಹಾಗೆಯೇ ಇಟ್ಟುಕೊಂಡಿದ್ದೀರಿ. ಉಳಿದೆರಡಕ್ಕೆ ಮಾತ್ರ ಯಾಕೆ ಈ ಮಡಿ? ಹುಡುಗರು ಫೋನಿನಲ್ಲಿ ಹುಡುಕುವುದು ಪಾಡ್‌ಕಾಸ್ಟ್ ಎಂದೇ. ನೀವು ಕಟ್ಟಿದ ಪದವನ್ನು ಯಾರೂ ಹುಡುಕುವುದಿಲ್ಲ.

ಶಿರಸಿಯಿಂದ

ರೇಡಿಯೊ ಅಲ್ಲ, ಬಾನುಲಿ. ತಿದ್ದುವುದಾದರೆ ಬುಡದಿಂದ ತಿದ್ದಬೇಕು. ಬಾನ್ ಮತ್ತು ಉಲಿ, ಎರಡೂ ನಮ್ಮವು. ತಮಿಳರ ವಾನೊಲಿ ಇದರ ಒಡಹುಟ್ಟು.

ಪ್ರಸಾರ ಎಂಬ ಸಂಸ್ಕೃತ ಎರವಲನ್ನು ಬಿಡಿ. ಬಿತ್ತರ ಎಂಬ ಅಚ್ಚಗನ್ನಡ ಪದವಿದೆ, ಬಿತ್ತು ಎಂಬುದರಿಂದ ಬಂದದ್ದು. ಇಂಗ್ಲಿಷಿನ ಬ್ರಾಡ್‌ಕಾಸ್ಟ್ ಕೂಡ ಮೊದಲು ಕೈಯಿಂದ ಕಾಳು ಚೆಲ್ಲಿ ಬಿತ್ತುವುದಕ್ಕೆ ಇದ್ದ ಮಾತು. ಇದಕ್ಕಿಂತ ಒಪ್ಪುವ ಪದ ಬೇಕೇ? ಹೀಗಾಗಿ ಸ್ಟ್ರೀಮಿಂಗ್‌ಗೆ ‘ಮಿಂಬಿತ್ತರ’ (ಮಿಂಚಿನ ಬಿತ್ತರ), ಪಾಡ್‌ಕಾಸ್ಟ್‌ಗೆ ‘ಕೇಳ್ಗಟ್ಟು’ (ಕೇಳುವ ಕಟ್ಟು). ಫಲಕದಲ್ಲಿ ಧೈರ್ಯವಾಗಿ ಬರೆಸಿ. ಬರೆದರೆ ತಾನೇ ಬಳಕೆಗೆ ಬರುವುದು.

ಧಾರವಾಡದಿಂದ

ಪದ ಕಟ್ಟುವ ಮೊದಲು ತಪ್ಪನ್ನು ತೆಗೆಯಿರಿ. ‘ತರಂಗಾಂತರ 90.4’ ತಪ್ಪು. 90.4 ಮೆಗಾಹರ್ಟ್ಸ್ ಎಂಬುದು ಕಂಪನಾಂಕ, ಅಂದರೆ ಅಲೆ ಸೆಕೆಂಡಿಗೆ ಎಷ್ಟು ಸಲ ಕಂಪಿಸುತ್ತದೆ ಎಂಬ ಲೆಕ್ಕ. ಅದರ ತರಂಗಾಂತರ, ಅಂದರೆ ಒಂದು ಅಲೆಯ ಉದ್ದ, ಸುಮಾರು 3.3 ಮೀಟರ್. ನಮ್ಮ ಧಾರವಾಡ ನಿಲಯದ ಮಧ್ಯಮ ತರಂಗ 765 ಕಿಲೋಹರ್ಟ್ಸ್, ತರಂಗಾಂತರ ಸುಮಾರು 392 ಮೀಟರ್. ಹಿಂದೆ ನಿಲಯಗಳು ಎರಡನ್ನೂ ಹೇಳುತ್ತಿದ್ದವು. ಮೀಟರ್ ಮಾತು ಹೋಯಿತು, ಅದರ ಹೆಸರು ಬಂದು ಮೆಗಾಹರ್ಟ್ಸ್‌ಗೆ ಅಂಟಿಕೊಂಡಿತು. ಪತ್ರಿಕೆಗಳಲ್ಲೂ ಇದೇ ಗೊಂದಲ.

‘ಡಿಜಿಟಲ್ ರೇಡಿಯೊ’ ಇನ್ನೂ ದೊಡ್ಡ ತಪ್ಪು. ಅದು ಗಾಳಿಯಲ್ಲೇ, ಪ್ರೇಷಕದಿಂದಲೇ ಬರುವ ಬೇರೆ ಬಗೆಯ ಪ್ರಸಾರ. ಆಕಾಶವಾಣಿ ಮಧ್ಯಮ ತರಂಗದಲ್ಲಿ ಬಳಸುವ ಡಿಆರ್‌ಎಂ ಎಂಬ ವಿಧಾನ ಅಂಥದ್ದು. ನಾರ್ವೆಯ ರಾಷ್ಟ್ರೀಯ ವಾಹಿನಿಗಳು 2017ರಲ್ಲಿ ಎಫ್‌ಎಂ ನಿಲ್ಲಿಸಿ ಹೋದದ್ದು ಡಿಎಬಿ ಎಂಬ ವಿಧಾನಕ್ಕೆ, ಅದೂ ಅಂಥದ್ದೇ. ಅಲ್ಲೂ ಚಿಕ್ಕ ಊರುಗಳ ಸ್ಥಳೀಯ ನಿಲಯಗಳು ಎಫ್‌ಎಂನಲ್ಲೇ ಉಳಿದವು. ಡಿಜಿಟಲ್ ರೇಡಿಯೊಗೆ ಇಂಟರ್‌ನೆಟ್ ಬೇಡ, ಬೇರೆ ರಿಸೀವರ್ ಬೇಕು. ಆ್ಯಪ್ ಇದ್ದ ಮಾತ್ರಕ್ಕೆ ನಿಮ್ಮದು ಡಿಜಿಟಲ್ ರೇಡಿಯೊ ಆಗುವುದಿಲ್ಲ.

ಮೈಸೂರಿನಿಂದ

ಧಾರವಾಡದವರ ಎರಡು ಮಾತನ್ನೂ ಹಾಗೆಯೇ ಪಾಲಿಸಿ. ನಾನು ಮೂರನೆಯದನ್ನು ಸೇರಿಸುತ್ತೇನೆ: ‘ನೇರಪ್ರಸಾರ’ ಬರೆಸಬೇಡಿ.

ಉದ್ಯೋಗದ ಕಾಲವನ್ನೆಲ್ಲ ಮೈಕಿನ ಮುಂದೆ ಕಳೆದವನು ನಾನು. ನೇರಪ್ರಸಾರ ಎಂಬುದಕ್ಕೆ ನಿಲಯದಲ್ಲಿ ಒಂದೇ ಅರ್ಥ: ನಡೆಯುತ್ತಿರುವುದನ್ನು ನಡೆಯುತ್ತಿರುವಾಗಲೇ ಕೇಳಿಸುವುದು. ಜಂಬೂಸವಾರಿಯ ವೀಕ್ಷಕ ವಿವರಣೆ ನೇರಪ್ರಸಾರ. ಸ್ಟುಡಿಯೊದಲ್ಲಿ ಮುದ್ರಿಸಿಟ್ಟ ನಾಟಕವನ್ನು ರಾತ್ರಿ ಹಾಕಿದರೆ ಅದು ಬರಿಯ ಪ್ರಸಾರ. ನಿಮ್ಮ ಆ್ಯಪಿನಲ್ಲಿ ದಿನವಿಡೀ ಬರುವುದರಲ್ಲಿ ಬಹುಪಾಲು ಮುದ್ರಿಸಿದ್ದೇ ಇರುತ್ತದೆ. ಅದಕ್ಕೂ ನೇರಪ್ರಸಾರ ಎಂದುಬಿಟ್ಟರೆ, ನಾಳೆ ನಿಮ್ಮೂರ ತೇರಿನ ಪಕ್ಕದಲ್ಲೇ ನಿಂತು ಮಾತನಾಡುವಾಗ ಏನೆನ್ನುತ್ತೀರಿ? ಇಂಗ್ಲಿಷಿನವರು ಲೈವ್ ಎಂಬ ಒಂದೇ ಪದವನ್ನು ಎರಡಕ್ಕೂ ಹಚ್ಚಿದ್ದಾರೆ. ನಮ್ಮಲ್ಲಿ ಉಳಿದುಕೊಂಡಿರುವ ಅಂತರವನ್ನು ನಾವೇ ಯಾಕೆ ಅಳಿಸಬೇಕು?

ಇನ್ನೂ ಒಂದು ಇದೆ. ರೇಡಿಯೊ ಸೆಟ್ಟನ್ನೂ ಆ್ಯಪನ್ನೂ ಅಕ್ಕಪಕ್ಕ ಇಟ್ಟು ಕೇಳಿ. ಸೆಟ್ಟಿನಲ್ಲಿ ಉದ್ಘೋಷಕಿ ಏಳು ಗಂಟೆ ಎಂದು ಹೇಳಿ ಮುಗಿಸಿ ಪ್ರದೇಶ ಸಮಾಚಾರಕ್ಕೆ ಹೋಗಿರುತ್ತಾರೆ, ಆ್ಯಪಿನಲ್ಲಿ ಹಿಂದಿನ ಹಾಡಿನ ಕೊನೆಯ ಸಾಲು ಇನ್ನೂ ನಡೆದಿರುತ್ತದೆ. ಧ್ವನಿಯನ್ನು ತುಣುಕು ತುಣುಕಾಗಿ ಕಳುಹಿಸುತ್ತಾರೆ, ನಡುವೆ ಕಡಿಯದಿರಲಿ ಎಂದು ಫೋನು ಒಂದಿಷ್ಟನ್ನು ಕೂಡಿಟ್ಟುಕೊಂಡು ಆಮೇಲೆ ನುಡಿಸುತ್ತದೆ. ಆದ್ದರಿಂದ ತಡ. ಗಡಿಯಾರ ಹೊಂದಿಸಿಕೊಳ್ಳಲು ರೇಡಿಯೊ ಕೇಳುತ್ತಿದ್ದವರಿಗೆ ಇದು ಸಣ್ಣ ಮಾತಲ್ಲ.

ಎರಡರ ನಡೆಯೇ ಬೇರೆ. ಎಫ್‌ಎಂ ಗೋಪುರದಿಂದ ಹೊರಟದ್ದನ್ನು ಹತ್ತು ಮನೆಯವರು ಕೇಳಿದರೂ ಹತ್ತು ಸಾವಿರ ಮನೆಯವರು ಕೇಳಿದರೂ ಗೋಪುರಕ್ಕೆ ಹೊರೆ ಒಂದೇ, ಕೇಳುವವರಿಗೆ ಖರ್ಚಿಲ್ಲ. ಸ್ಟ್ರೀಮಿಂಗಿನಲ್ಲಿ ಕೇಳಿದವರೊಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಕಳುಹಿಸಬೇಕು. ಕೇಳುಗರು ಹೆಚ್ಚಿದಂತೆ ನಿಮ್ಮ ಸರ್ವರ್ ಬಾಡಿಗೆ ಏರುತ್ತದೆ, ಅವರ ಡೇಟಾ ಇಳಿಯುತ್ತದೆ. ಅದಕ್ಕೇ ‘ಮೊಬೈಲಿನಲ್ಲಿ ಕೇಳಿ’ ಎಂದಷ್ಟೇ ಬರೆದರೂ ಸಾಲದು. ಅನೇಕ ಫೋನುಗಳಲ್ಲಿ ಎಫ್‌ಎಂ ರಿಸೀವರೇ ಇರುತ್ತದೆ. ಇಯರ್‌ಫೋನಿನ ತಂತಿ ಸಿಕ್ಕಿಸಿದರೆ ಆ ತಂತಿಯೇ ಆಂಟೆನಾ ಆಗಿ ಡೇಟಾ ಇಲ್ಲದೆ ಹಾಡುತ್ತದೆ. ತಂತಿಯ ತೂತನ್ನೇ ತೆಗೆದ ಹೊಸ ಫೋನುಗಳಲ್ಲಿ ಅದು ಹೋಯಿತು. ಫೋನುಗಳಲ್ಲಿ ಎಫ್‌ಎಂ ಇರಲಿ ಎಂದು ಕೇಂದ್ರದ ಮಾಹಿತಿ ತಂತ್ರಜ್ಞಾನ ಸಚಿವಾಲಯವು 2023ರಲ್ಲಿ ತಯಾರಕರಿಗೆ ಸೂಚನೆ ಕೊಡಬೇಕಾಯಿತು. ಹೊಲದ ಹೆಂಗಸರ ಕೈಯಲ್ಲಿರುವುದು ಹೆಚ್ಚಾಗಿ ಕೀಲಿಗಳಿರುವ ಚಿಕ್ಕ ಫೋನು. ಅದರಲ್ಲಿ ನಿಮ್ಮ ಆ್ಯಪ್ ನಡೆಯದಿರಬಹುದು, ಎಫ್‌ಎಂ ನಡೆಯುತ್ತದೆ. ಫಲಕ ಅವರಿಗೆ ದಾರಿ ತಪ್ಪಿಸಬಾರದು.

ಇನ್ನು ಶಿರಸಿಯವರ ಬಿತ್ತರ. ಬ್ರಾಡ್‌ಕಾಸ್ಟಿನ ಕಥೆ ನಿಜ. ಬಿತ್ತರದ ಕಥೆ ನಿಜವಲ್ಲ. ವಿಸ್ತರ ತದ್ಭವವಾಗಿ ಬಿತ್ತರ: ವರ್ಣ ಬಣ್ಣವಾದಂತೆ ವಕಾರ ಬಕಾರವಾಯಿತು, ಪುಸ್ತಕ ಹೊತ್ತಗೆಯಾದಂತೆ ಸ್ತ ಎಂಬುದು ತ್ತ ಆಯಿತು. ಬಿತ್ತು ಧಾತುವಿನಿಂದ ಬರುವುದು ಬಿತ್ತನೆ, ಬಿತ್ತಿಗೆ. ಹಳೆಯ ಕಾವ್ಯಗಳಲ್ಲಿ ಬಿತ್ತರಿಸು ಎಂದರೆ ವಿವರವಾಗಿ ಹೇಳು ಎಂದೇ. ಪ್ರಸಾರವನ್ನು ಎರವಲು ಎಂದು ಹೊರಗಟ್ಟಿ ಇನ್ನೊಂದು ಎರವಲನ್ನು ಅಚ್ಚಗನ್ನಡ ಎಂದು ಒಳಗೆ ಕರೆಯುವುದು ನ್ಯಾಯವಲ್ಲ. ಬಿತ್ತರ ಒಳ್ಳೆಯ ಪದ, ಪತ್ರಿಕೆಗಳಲ್ಲಿ ಓಡಾಡುತ್ತಿದೆ, ಬಳಸಿ. ಆದರೆ ವಂಶಾವಳಿ ಕಟ್ಟಬೇಡಿ.

ಪಾಡ್‌ಕಾಸ್ಟಿನ ಒಳಗನ್ನು ಬಿಡಿಸಿ ಅನುವಾದಿಸುವುದೂ ವ್ಯರ್ಥ. ಬೆನ್ ಹ್ಯಾಮರ್ಸ್ಲೀ ಎಂಬ ಪತ್ರಕರ್ತರು 2004ರಲ್ಲಿ ಲಂಡನ್ನಿನ ಪತ್ರಿಕೆಯೊಂದರ ಲೇಖನದಲ್ಲಿ ಐಪಾಡ್ ಮತ್ತು ಬ್ರಾಡ್‌ಕಾಸ್ಟ್ ಬೆಸೆದು ಆ ಪದವನ್ನು ಬಳಸಿದರು. ಐಪಾಡ್ ತಯಾರಿಕೆ 2022ರಲ್ಲೇ ನಿಂತಿತು. ಇಂಗ್ಲಿಷಿನಲ್ಲೇ ಆ ಪದದ ಅರ್ಧ ಬರಿದಾಗಿದೆ. ಕೇಳುಗ ಏನು ಮಾಡಬೇಕು ಎಂಬುದನ್ನು ಹೇಳಿದರೆ ಸಾಕು. ನನ್ನ ಸಲಹೆ:

ಎಫ್‌ಎಂ 90.4ರಲ್ಲಿ ಕೇಳಿ
ಆ್ಯಪಿನಲ್ಲಿ ಈಗಿನ ಪ್ರಸಾರ ಕೇಳಿ
ಆ್ಯಪಿನಲ್ಲಿ ಹಿಂದಿನ ಸಂಚಿಕೆಗಳನ್ನು ಬೇಕಾದಾಗ ಕೇಳಿ

ತಲೆಬರಹದಲ್ಲಿ ನಿಲಯದ ಹೆಸರು ದೊಡ್ಡದಾಗಿರಲಿ. ನಾಡಿನಲ್ಲಿ 90.4ರ ನಿಲಯಗಳು ಹಲವು ಊರುಗಳಲ್ಲಿವೆ. ಅಷ್ಟು ದೂರ ಇರುವುದರಿಂದ ಒಂದರ ದನಿ ಇನ್ನೊಂದಕ್ಕೆ ತಾಗುವುದಿಲ್ಲ. ಆ್ಯಪಿನಲ್ಲಿ ಆ ಅಂಕಿಗೆ ಅರ್ಥವೇ ಇಲ್ಲ, ಹೆಸರೇ ವಿಳಾಸ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪಿನಲ್ಲಿ ಧಾರವಾಡ ನಿಲಯವನ್ನು ದುಬೈಯಲ್ಲಿ ಕುಳಿತು ಕೇಳುವವರು ಹುಡುಕುವುದು ಧಾರವಾಡ ಎಂದು, 765 ಎಂದಲ್ಲ.

ಬೆಂಗಳೂರಿನಿಂದ

ಸಂಚಿಕೆ ಒಂದು ಕಂತು ಮಾತ್ರ. ಪಾಡ್‌ಕಾಸ್ಟ್ ಇಡೀ ಸರಣಿ. ಮೈಸೂರಿನವರ ಸಾಲಿನಲ್ಲಿ ಸರಣಿಗೆ ಹೆಸರಿಲ್ಲ. ಆ್ಯಪಿನ ಗುಂಡಿಯ ಮೇಲೆ ಏನು ಬರೆಯುತ್ತೀರಿ? ಅಲ್ಲಿ ಮೂರು ಪದಗಳಿಗೂ ಜಾಗ ಇರುವುದಿಲ್ಲ.

ಮೈಸೂರಿನಿಂದ

ಗುಂಡಿಯ ಮೇಲೆ ‘ಸರಣಿಗಳು’. ನೀವೇ ಈಗ ಬರೆದಿರಿ. ಕೇಳಿದ್ದು ಫಲಕಕ್ಕೆ.

ಶಿರಸಿಯಿಂದ

ತದ್ಭವವೆಂದರೆ ನಮ್ಮ ನಾಲಿಗೆ ಒಗ್ಗಿಸಿಕೊಂಡದ್ದು. ವಿಸ್ತರ ಅವರದು, ಬಿತ್ತರ ನಮ್ಮದು. ಪ್ರಸಾರವನ್ನು ನಮ್ಮ ನಾಲಿಗೆ ಮುಟ್ಟಿಯೇ ಇಲ್ಲ, ಬಂದ ಹಾಗೆಯೇ ಕುಳಿತಿದೆ. ಈ ಭೇದವನ್ನು ಮರೆಸಬೇಡಿ.

ನೋಡಿ, ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿ ನಿಲಯ ಕಟ್ಟಿದ್ದು ನಮ್ಮೆಲ್ಲರ ಹೆಮ್ಮೆ. ಅಲ್ಲಿಂದ ಹೊರಟ ಆಕಾಶವಾಣಿ ಎಂಬ ಹೆಸರು ದೇಶಕ್ಕೆಲ್ಲ ಹಬ್ಬಿತು, 2023ರಲ್ಲಿ ಆಲ್ ಇಂಡಿಯಾ ರೇಡಿಯೊ ಎಂಬುದನ್ನೇ ಕೈಬಿಡಲು ಪ್ರಸಾರ ಭಾರತಿ ಹೇಳಿತು. ಆದರೂ ತಮಿಳರು ಆಕಾಶವಾಣಿ ಎಂಬ ಹೆಸರನ್ನು ತಮ್ಮ ಮೇಲೆ ಹೇರಗೊಡದೆ ವಾನೊಲಿಯನ್ನು ಹಿಡಿದುಕೊಂಡರು. ಬಾನುಲಿಯನ್ನು ನಾವು ನಾಟಕಕ್ಕೂ ಭಾಷಣಕ್ಕೂ ಮೀಸಲಿಟ್ಟು ಫಲಕದಿಂದ ಇಳಿಸಿದೆವು. ನೋವಿರುವುದು ಇಲ್ಲಿ.

ಮೈಸೂರಿನಿಂದ

ಬಾನುಲಿಯ ಮೇಲೆ ನನಗೂ ಪ್ರೀತಿಯಿದೆ. ಆದರೆ ಕೋಲಾರ ಜಿಲ್ಲೆಯ ಬೂದಿಕೋಟೆಯನ್ನು ನೆನೆಯಿರಿ. ಸರ್ಕಾರೇತರ ಸಂಸ್ಥೆಗಳಿಗೆ ಸಮುದಾಯ ರೇಡಿಯೊ ಪರವಾನಗಿ ತೆರೆದದ್ದು 2006ರ ನೀತಿ. ಅದಕ್ಕೂ ಮುನ್ನ ಅಲ್ಲಿನ ಜನ ತಮ್ಮ ಕಾರ್ಯಕ್ರಮಗಳನ್ನು ಕೇಬಲ್ ತಂತಿಯಲ್ಲಿ ಮನೆಮನೆಗೆ ಕಳುಹಿಸಿದರು. ಬಾನಿನಲ್ಲಿ ಒಂದು ಅಲೆಯೂ ಇರಲಿಲ್ಲ. ಅವರು ಇಟ್ಟುಕೊಂಡ ಹೆಸರು ‘ನಮ್ಮ ಧ್ವನಿ’. ಧ್ವನಿ ಸಂಸ್ಕೃತ, ನಮ್ಮ ಕನ್ನಡ, ಎರಡೂ ಸೇರಿ ಊರಿನದಾಯಿತು. ಹೆಸರು ಹೀಗೆ ನಿಲ್ಲುತ್ತದೆ, ನಾವಿಲ್ಲಿ ತೀರ್ಪು ಕೊಟ್ಟದ್ದರಿಂದಲ್ಲ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಡಿಜಿಟಲ್ ರೇಡಿಯೊ, ತರಂಗಾಂತರ, ನೇರಪ್ರಸಾರ ಮೂರನ್ನೂ ತೆಗೆದೆವು. ಮೈಸೂರಿನವರ ಮೂರು ಸಾಲುಗಳನ್ನೇ ಬರೆಸುತ್ತೇವೆ. ನಿಲಯದ ಹೆಸರಿನ ಕೆಳಗೆ ‘ಸಮುದಾಯ ಬಾನುಲಿ’ ಎಂದು ಸೇರಿಸುತ್ತೇವೆ, ನಮ್ಮ ಕಾರ್ಯಕರ್ತೆಯರು ಅದನ್ನು ಕೇಳಿದೊಡನೆ ಒಪ್ಪಿದರು. ಕೊನೆಯದೊಂದು: ಪೇಂಟರ್ ‘ಆ್ಯಪ್‌ನಲ್ಲಿ’ ಎಂದು ಬರೆಯುವುದಾಗಿ ಹೇಳುತ್ತಿದ್ದಾರೆ. ಯಾವುದು ಸರಿ?

ಧಾರವಾಡದಿಂದ

ಆ್ಯಪಿನಲ್ಲಿ. ವ್ಯಂಜನಾಂತ ಎರವಲಿಗೆ ಇನ್ ಆಗಮ ಬೇಕು: ಬಸ್ಸಿನಲ್ಲಿ, ಪೇಪರಿನಲ್ಲಿ. ಬಾನುಲಿಗೆ ‘ಉ’ ಹ್ರಸ್ವ, ಪೇಂಟರಿಗೆ ಮರೆಯದೆ ಹೇಳಿ.