ಅರ್ಧ ವ್ಯಾಟಿನ ಟ್ರಾನ್ಸ್‌ಮಿಟರಿಗೆ ಯಾರೂ ಓಗೊಡುತ್ತಿಲ್ಲ, ಏಕೆ?

ಪ್ರಶ್ನೆ: ನಮಸ್ಕಾರ ಸರ್. ನಾನು ತೀರ್ಥಹಳ್ಳಿ ಕಡೆಯವಳು. ಮೋರ್ಸ್ (ಚುಕ್ಕೆ-ಗೆರೆಗಳ ಸಂಕೇತ) ಸಹಿತ ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸಾಗಿ, ಪರವಾನಗಿ ಬಂದು ಮೂರು ತಿಂಗಳಾಯಿತು. ಎರಡು ಟ್ರಾನ್ಸಿಸ್ಟರಿನ ಪಿಕ್ಸಿ ಎಂಬ ಪುಟ್ಟ ಮೋರ್ಸ್ ಸೆಟ್ಟಿನ ಕಿಟ್ ತರಿಸಿ ನಾನೇ ಬೆಸುಗೆ ಹಾಕಿದೆ. ತರಂಗಾಂತರ ನಿಗದಿ ಮಾಡಲು 7.023 ಮೆಗಾಹರ್ಟ್ಸ್ ಕ್ರಿಸ್ಟಲ್, 9 ವೋಲ್ಟಿನ ಚಿಕ್ಕ ಬ್ಯಾಟರಿ. ಅರ್ಧ ವ್ಯಾಟ್ ಎಂದು ಪೊಟ್ಟಣದ ಮೇಲಿದೆ. ತಾರಸಿಯ ಕಬ್ಬಿಣದ ಕಂಬಿಗೆ ಆರು ಮೀಟರ್ ತಂತಿ ಕಟ್ಟಿದ್ದೇನೆ. ಹತ್ತು ದಿನದಿಂದ ಸಿಕ್ಯೂ (ಯಾರಾದರೂ ಉತ್ತರಿಸಿ ಎಂಬ ಕರೆ) ಕರೆಯುತ್ತಿದ್ದೇನೆ, ಒಬ್ಬರೂ ಓಗೊಟ್ಟಿಲ್ಲ. ನೂರು ವ್ಯಾಟಿನ ಸೆಟ್ ಕೊಳ್ಳದೆ ಗತಿಯಿಲ್ಲವೇ?

ಉತ್ತರ: ದುಡ್ಡು ಸದ್ಯಕ್ಕೆ ಪೆಟ್ಟಿಗೆಯಲ್ಲೇ ಇರಲಿ. ನೂರು ವ್ಯಾಟಿಗೂ ಅರ್ಧ ವ್ಯಾಟಿಗೂ 200 ಪಟ್ಟು ಅಂತರ, ನಿಜ. ಆದರೆ ಡೆಸಿಬೆಲ್ ಲೆಕ್ಕದಲ್ಲಿ ಅದು 23 ಮಾತ್ರ. ಸಂಕೇತದ ಬಲ ತೋರಿಸುವ ರಿಸೀವರಿನ ಎಸ್ ಮೀಟರಿನಲ್ಲಿ ಒಂದು ಮನೆ ಎಂದರೆ 6 ಡೆಸಿಬೆಲ್. ನೂರು ವ್ಯಾಟಿನಲ್ಲಿ ಎಸ್ 9ರಲ್ಲಿ ಕೇಳಿಸುವವರು ಅರ್ಧ ವ್ಯಾಟಿಗೆ ಇಳಿದರೆ ಸುಮಾರು ಎಸ್ 5ರಲ್ಲಿ ಕೇಳಿಸುತ್ತಾರೆ. ಗದ್ದಲವಿಲ್ಲದ ಊರಿನ ರಿಸೀವರಿಗೆ, ಅದರಲ್ಲೂ ಮೋರ್ಸಿಗೆ, ಅಷ್ಟು ಧಾರಾಳ.

ನನ್ನ ಅನುಮಾನ ಎರಡು ಕಡೆ. ಮೊದಲನೆಯದು ಆ ಅರ್ಧ ವ್ಯಾಟು. ಪೊಟ್ಟಣವನ್ನು ನಂಬಬೇಡಿ, ಅಳೆಯಿರಿ. 100 ಓಮಿನ ಎರಡು ರೆಸಿಸ್ಟರುಗಳನ್ನು ಸಮಾಂತರವಾಗಿ ಸೇರಿಸಿದರೆ ಆ್ಯಂಟೆನಾ ಬದಲಿಗೆ ಜೋಡಿಸುವ 50 ಓಮಿನ ಡಮ್ಮಿ ಲೋಡ್ ಸಿದ್ಧ. ಒಂದು 1ಎನ್4148 ಡಯೋಡ್ ಮತ್ತು 0.01 ಮೈಕ್ರೊಫ್ಯಾರಡ್ ಕೆಪಾಸಿಟರ್ ಜೋಡಿಸಿ, ಕೀ ಒತ್ತಿ, ಕೆಪಾಸಿಟರಿನ ಮೇಲಿನ ಡಿಸಿ ವೋಲ್ಟನ್ನು ಮಲ್ಟಿಮೀಟರಿನಲ್ಲಿ ಓದಿ. ಡಯೋಡು ನುಂಗಿದ 0.7 ಕೂಡಿಸಿ, ವರ್ಗ ಮಾಡಿ, 100ರಿಂದ ಭಾಗಿಸಿ. ಅದು ವ್ಯಾಟ್.

ಎರಡನೆಯದು ತಂತಿ. ಸೆಟ್ಟು ಹುಡುಕುವುದು 50 ಓಮಿನ ಆ್ಯಂಟೆನಾ. ಕಬ್ಬಿಣಕ್ಕೆ ಅಂಟಿಕೊಂಡ ಆರು ಮೀಟರ್ ತಂತಿ ಅದರ ಹತ್ತಿರಕ್ಕೂ ಬರುವುದಿಲ್ಲ. ಡೈಪೋಲ್, ಅಂದರೆ ನಡುವೆ ಸೆಟ್ಟಿಗೆ ಸೇರುವ ಎರಡು ತೋಳಿನ ತಂತಿ ಆ್ಯಂಟೆನಾ ಕಟ್ಟಿ: 143ನ್ನು 7.023ರಿಂದ ಭಾಗಿಸಿದರೆ 20.36 ಮೀಟರ್, ಒಂದೊಂದು ತೋಳಿಗೆ 10.18. ನಿಮ್ಮ ಕಡೆ ಅಡಿಕೆ ಮರಗಳಿಗೆ ಬರವಿಲ್ಲವಲ್ಲ. ಗಾಳಿಗೆ ಮರ ತೂಗುತ್ತದೆ, ನೈಲಾನ್ ಹಗ್ಗವನ್ನು ಸಡಿಲ ಬಿಡಿ. ಬಿಗಿದು ಕಟ್ಟಿ, ಮೊದಲ ಮಳೆಗೇ ಎರಡು ತುಂಡು ಮಾಡಿಕೊಂಡ ಪಾಠ ನನ್ನದು. ಎತ್ತರ ಹತ್ತು ಮೀಟರ್ ಆದರೂ ಸಾಕು. ಶಕ್ತಿಯ ಹೆಚ್ಚು ಪಾಲು ಮೇಲಕ್ಕೆ ಹೋಗಿ ಅಯಾನುಗೋಳದಿಂದ (ರೇಡಿಯೊ ಅಲೆಯನ್ನು ಹಿಂದಿರುಗಿಸುವ ಮೇಲಿನ ವಾತಾವರಣದ ಪದರ) ಮರಳಿ, ಹಗಲಿನಲ್ಲಿ ಕೆಲವು ನೂರು ಕಿಲೋಮೀಟರ್ ವ್ಯಾಪ್ತಿಯಲ್ಲಿ ಬೀಳುತ್ತದೆ.

ಇನ್ನೊಂದು ಮಾತು. ನಿಮ್ಮದು ಒಂದೇ ಕ್ರಿಸ್ಟಲ್. ಅಲ್ಲಿ ಯಾರೂ ಕಿವಿಗೊಡದಿದ್ದರೆ ಯಾರಿಗೆ ಕೇಳಬೇಕು? ಸಿಕ್ಯೂ ಕರೆದ ಮೇಲೆ ಅಂತರ್ಜಾಲದಲ್ಲಿ ರಿವರ್ಸ್ ಬೀಕನ್ ನೆಟ್‌ವರ್ಕ್ ತೆರೆದು ನೋಡಿ. ಅದರ ಸ್ವಯಂಚಾಲಿತ ರಿಸೀವರುಗಳು ಮೋರ್ಸ್ ಓದಿ, ನಿಮ್ಮ ಕರೆಸಂಕೇತ ಎಲ್ಲಿ ಎಷ್ಟು ಡೆಸಿಬೆಲ್ಲಿಗೆ ಕೇಳಿಸಿತೆಂದು ತೋರಿಸುತ್ತವೆ.

ಇನ್ನೊಬ್ಬ ಸದಸ್ಯರ ಪ್ರಶ್ನೆ: ಅರ್ಧ ವ್ಯಾಟ್ ತಾನೇ ಸರ್, ಇದಕ್ಕೂ ಪರವಾನಗಿ ಬೇಕೇ?

ಉತ್ತರ: ಬೇಕೇ ಬೇಕು. ಅಲೆ ಗಡಿ ದಾಟುವಾಗ ವ್ಯಾಟ್ ಎಷ್ಟೆಂದು ಕೇಳುವುದಿಲ್ಲ. ಹನ್ನೆರಡು ತುಂಬಿದ ಮಕ್ಕಳೂ ಪರೀಕ್ಷೆ ಬರೆಯಬಹುದು, ನೀವೂ ಬರೆಯಿರಿ.

ಮೊದಲ ಪ್ರಶ್ನೆ ಕೇಳಿದವರು, ಎರಡು ವಾರದ ನಂತರ: ಸರ್, ಅಳೆದೆ. ಮೀಟರಿನಲ್ಲಿ ಬರೀ 3.3 ವೋಲ್ಟ್! ಅಂದರೆ 0.16 ವ್ಯಾಟ್. ಕೀ ಒತ್ತಿದೊಡನೆ ಬ್ಯಾಟರಿ ಕುಸಿಯುತ್ತಿತ್ತು. ಯುಪಿಎಸ್‌ನ ಹಳೆಯ 12 ವೋಲ್ಟ್ ಬ್ಯಾಟರಿ ಹಾಕಿದ ಮೇಲೆ 6.3 ಬಂತು. ಡೈಪೋಲ್ ಕಟ್ಟಲು ಅಪ್ಪಯ್ಯನೇ ಅಡಿಕೆ ಕೊಯ್ಯುವ ಕೊನೆಗೌಡರನ್ನು ಕರೆಸಿ ಮರ ಹತ್ತಿಸಿದರು. ನಿನ್ನೆ ಬೆಳಿಗ್ಗೆ ಚೆನ್ನೈನ ಒಬ್ಬರು 559 ಕೊಟ್ಟರು. ಕೈ ನಡುಗಿ ನನ್ನ ಕರೆಸಂಕೇತವನ್ನೇ ಎರಡು ಸಲ ತಪ್ಪಾಗಿ ಕಳುಹಿಸಿದೆ. ಆದರೆ ಟ್ರಾನ್ಸಿಸ್ಟರ್ ಮುಟ್ಟಲಾಗದಷ್ಟು ಬಿಸಿಯಾಗುತ್ತಿದೆ.

ಉತ್ತರ: ಅಭಿನಂದನೆ! 559 ಎಂದರೆ ಪೂರ್ತಿ ಅರ್ಥವಾಯಿತು, ಬಲ ಸಾಧಾರಣ, ಸ್ವರ ಶುದ್ಧ. 12 ವೋಲ್ಟಿನಲ್ಲಿ ಆ ಬಡ ಟ್ರಾನ್ಸಿಸ್ಟರಿಗೆ ಬಿಸಿ ಸಹಜ. ಚಿಕ್ಕದೊಂದು ಹೀಟ್ ಸಿಂಕ್ ಸಿಕ್ಕಿಸಿ, ಕೀಯನ್ನು ಉದ್ದಕ್ಕೆ ಒತ್ತಿ ಹಿಡಿಯಬೇಡಿ. ಆ್ಯಂಟೆನಾ ಇಲ್ಲದೆ ಒಮ್ಮೆಯೂ ಒತ್ತಬೇಡಿ. ಲಾಗ್ ಪುಸ್ತಕದಲ್ಲಿ ಪವರ್ ಎಷ್ಟೆಂದು ಬರೆಯುವಾಗ ಪೊಟ್ಟಣದ ಅರ್ಧ ಬೇಡ, ನೀವು ಅಳೆದ 0.49 ಬರೆಯಿರಿ.