ಅಪ್‌ಡೇಟ್: ಲೈಟಿಂಗ್ ಕನ್ಸೋಲ್ ವಿಷಯ ಬಗೆಹರಿಯಿತು

ನಮ್ಮ ನಾಟಕ ತಂಡಕ್ಕೆ ಕಡಿಮೆ ಬಜೆಟ್‌ನಲ್ಲಿ ಯಾವ ಲೈಟಿಂಗ್ ಕನ್ಸೋಲ್ (ವೇದಿಕೆಯ ಬೆಳಕು ನಿಯಂತ್ರಿಸುವ ಸಾಧನ) ತಗೊಳ್ಳಲಿ ಅಂತ ಕೇಳಿದ್ದೆ. ಕೊನೆಗೆ ಹಳೇ ಲ್ಯಾಪ್‌ಟಾಪ್‌ಗೆ ಯುಎಸ್‌ಬಿ ಡಿಎಂಎಕ್ಸ್ ಇಂಟರ್‌ಫೇಸ್ (ಲೈಟುಗಳಿಗೆ ಡಿಎಂಎಕ್ಸ್ ಎಂಬ ನಿಯಂತ್ರಣ ಸಂಕೇತ ಕಳಿಸುವ ಸಾಧನ) ಹಾಕಿ, ಉಚಿತವಾಗಿ ಸಿಗುವ ಕ್ಯೂಎಲ್‌ಸಿ ಪ್ಲಸ್ ಎಂಬ ಬೆಳಕು ನಿಯಂತ್ರಣದ ಸಾಫ್ಟ್‌ವೇರ್ ಬಳಸುತ್ತಿದ್ದೇನೆ. ಜೊತೆಗೊಂದು ಚಿಕ್ಕ ಮಿಡಿ ಫೇಡರ್ ಬೋರ್ಡ್ (ಲ್ಯಾಪ್‌ಟಾಪ್‌ಗೆ ಸೇರಿಸುವ, ಮೇಲೆ ಕೆಳಗೆ ಜಾರಿಸುವ ಗುಂಡಿಗಳ ಬೋರ್ಡ್). ಅದು ಬೇಕೇ ಬೇಕು. ಮೌಸ್ ಹಿಡಿದು ಬೆಳಕನ್ನು ಮೆಲ್ಲಗೆ ಇಳಿಸೋದು ಆಗದ ಮಾತು.

ಜಾಸ್ತಿ ತಲೆ ತಿಂದಿದ್ದು ಅಡ್ರೆಸ್, ಅಂದರೆ ಪ್ರತಿ ಲೈಟಿನ ಮೊದಲ ಚಾನೆಲ್ ಸಂಖ್ಯೆ. ನಮ್ಮ ಪಾರ್ ಲೈಟುಗಳು (ವೇದಿಕೆಯ ಬಣ್ಣದ ದೀಪಗಳು) 8 ಚಾನೆಲ್‌ನವು, ಅಂದರೆ ಬಣ್ಣ, ಪ್ರಕಾಶ ಮುಂತಾದ್ದನ್ನು ಬದಲಿಸಲು ಒಂದೊಂದಕ್ಕೂ 8 ಸಂಖ್ಯೆ ಬೇಕು. ನಾನು 1, 2, 3 ಅಂತ ಕೊಟ್ಟಿದ್ದೆ. ಒಂದರಲ್ಲಿ ಕೆಂಪು ಏರಿಸಿದರೆ ಪಕ್ಕದ್ದೂ ಬಣ್ಣ ಬದಲಿಸುತ್ತಿತ್ತು. ಎಂಟೆಂಟರ ಅಂತರದಲ್ಲಿ 1, 9, 17 ಅಂತ ಕೊಟ್ಟ ಮೇಲೆ ಸರಿಹೋಯಿತು. ಒಂದು ಡಿಎಂಎಕ್ಸ್ ಲೈನಿನಲ್ಲಿ ಒಟ್ಟು 512 ಚಾನೆಲ್, ನಮಗೆ ಧಾರಾಳ.

ಕೊನೆಯ ಲೈಟು ಮಾತ್ರ ಸುಮ್ನೆ ಮಿಣುಕುತ್ತಿತ್ತು. ಮೈಕ್ ಕೇಬಲ್ ತೆಗೆದು ಡಿಎಂಎಕ್ಸ್ ಕೇಬಲ್ ಎಳೆದೆ, ತುದಿಗೆ 120 ಓಮ್ ಟರ್ಮಿನೇಟರ್ (ಸಂಕೇತ ತುದಿಯಿಂದ ವಾಪಸು ಬರದಂತೆ ತಡೆಯುವ ಪ್ಲಗ್) ಸಿಕ್ಕಿಸಿದೆ. ಮಿಣುಕೋದು ನಿಂತಿತು. ನಿನ್ನೆ ತಾಲೀಮಿನಲ್ಲಿ 10 ಸೆಕೆಂಡಿನ ಸಂಜೆ ಬೆಳಕು ಒಂದೇ ಸಮನೆ ಇಳಿಯಿತು. ತುಂಬಾ ಖುಷಿಯಾಯಿತು.