ಕನ್ನಡ ಓದಿಗೆ ನಗೆ ಚಿತ್ರಕಥೆಯಿಂದಲೇ ಶುರು ಮಾಡಿ ನೋಡಿ

ಎಲ್ಲರಿಗೂ ನಮಸ್ಕಾರ. ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದು ಅಂದರೆ ಮಾತ್ರ ಎದ್ದು ಹೋಗುತ್ತಾರೆ ಅಂತ ಇಲ್ಲಿ ನಡೆದಿರುವ ಚರ್ಚೆ ಓದುತ್ತಿದ್ದೇನೆ. ಅಕ್ಷರಮಾಲೆಯ ಪಟ, ಕಾಗುಣಿತದ ಆ್ಯಪ್, ಶನಿವಾರದ ಕನ್ನಡ ಶಾಲೆ ಅಂತ ಬಹಳ ಜನ ಹೇಳಿದ್ದೀರಿ. ಅವೆಲ್ಲ ಬೇಕು. ಆದರೆ ನಮ್ಮ ಮಗಳನ್ನು ಕನ್ನಡ ಅಕ್ಷರದ ಮುಂದೆ ತಾನಾಗಿ ಕೂರಿಸಿದ್ದು ಮಕ್ಕಳ ಪತ್ರಿಕೆಯ ನಗೆ ಚಿತ್ರಕಥೆ.

ನಮ್ಮೂರು ಗದಗ, ಈಗ ಇರುವುದು ಮೆಲ್ಬರ್ನ್. ನಾನು, ನನ್ನ ತಮ್ಮ ಓದಿದ ಚಂದಮಾಮ, ಬಾಲಮಂಗಳದ ಹಳೆಯ ಕಟ್ಟುಗಳನ್ನು ಅಪ್ಪ ರದ್ದಿಗೆ ಹಾಕದೆ ಅಟ್ಟದ ಮೇಲೆ ಇಟ್ಟಿದ್ದರು. ಮಲಯಾಳದಲ್ಲಿ 1983ರಲ್ಲಿ ಡಿಂಕನ್ ಆಗಿ ಹುಟ್ಟಿ ಬಾಲಮಂಗಳದಲ್ಲಿ ನಮಗೆ ಡಿಂಗನಾಗಿ ಬಂದ ಆ ಶಕ್ತಿವಂತ ಇಲಿಯನ್ನು ಇಲ್ಲಿ ಎಷ್ಟೋ ಜನ ಇನ್ನೂ ಮರೆತಿರಲಿಕ್ಕಿಲ್ಲ. 1949ರಿಂದ ಕನ್ನಡದಲ್ಲಿ ಬಂದ ಚಂದಮಾಮದ ಕಥೆಗಳು ನನಗೆ ಪ್ರಾಣ. ಆದರೆ ಈಗಷ್ಟೇ ಅಕ್ಷರ ಕೂಡಿಸುವ ಮಗುವಿಗೆ ಆ ತುಂಬಿದ ಪುಟ ಭಾರ, ಅದು ಮುಂದಿನ ಮಾತು. ಮೊದಲಿಗೆ ಒಂದೇ ಪುಟದ ನಗೆ ಚಿತ್ರಕಥೆ ಸಾಕು.

ಇಲ್ಲಿ ಶನಿವಾರ ಸಂಜೆಯಾದಾಗ ಗದಗಿನಲ್ಲಿ ಮಧ್ಯಾಹ್ನದ ಊಟ ಮುಗಿದಿರುತ್ತದೆ. ಅಪ್ಪ ಒಂದು ಪುಟದ ಫೋಟೋ ತೆಗೆದು ವಾಟ್ಸಾಪಿನಲ್ಲಿ ಕಳಿಸಿ, ವಿಡಿಯೋ ಕಾಲ್ ಮಾಡುತ್ತಾರೆ. ಒಂದು ಸಲ ಬಂದದ್ದು ನಾಲ್ಕು ಚೌಕಟ್ಟಿನ ಕಥೆ. ಮನೆಯೊಡತಿ ಹಾಲನ್ನು ಒಲೆಯ ಮೇಲಿಟ್ಟು ಆಳಿಗೆ ‘ನೋಡ್ತಿರು’ ಅಂತ ಹೇಳಿ ಹೋಗುತ್ತಾಳೆ. ಅವನು ಕೈಕಟ್ಟಿಕೊಂಡು ನಿಲ್ಲುತ್ತಾನೆ. ಹಾಲು ಉಕ್ಕಿ ನೆಲಕ್ಕೆ ಹರಿದು, ಬೆಕ್ಕು ನೆಕ್ಕತೊಡಗುತ್ತದೆ. ಮಗಳು ಬೆಕ್ಕು ನೋಡಿಯೇ ನಗಲು ಶುರು ಮಾಡಿದಳು. ನಾಲ್ಕನೆಯ ಚೌಕಟ್ಟಿನಲ್ಲಿ ಆಳಿನ ಮುಖ, ಒಂದು ಮಾತಿನ ಗುಳ್ಳೆ, ಅಷ್ಟೇ.

‘ಅಜ್ಜಾ, ಅಂವಾ ಏನಂದಾ?’

‘ನೀನs ಓದಿ ಹೇಳವಾ, ನನ್ನ ಚಾಳೀಸ ಸಿಗವಲ್ದು.’

ಚಾಳೀಸ ಅಂದರೆ ನಮ್ಮ ಕಡೆ ಕನ್ನಡಕ. ಅವಳು ಬೆರಳಿಟ್ಟು ಓದಿದಳು: ‘ನೋ… ನೋಡ್… ನೋಡ್ತಾನೇ ಇದ್ದೆನಲ್ಲ ಅಮ್ಮಾವ್ರೇ!’ ಓದಿ ಮುಗಿಸಿದ ಮೇಲೆ ಮತ್ತೊಮ್ಮೆ ನಕ್ಕಳು, ಮೊದಲಿಗಿಂತ ಜೋರಾಗಿ.

ನನ್ನ ವಾದವೆಲ್ಲ ಆ ಎರಡನೆಯ ನಗೆಯ ಮೇಲೆ ನಿಂತಿದೆ. ಚೆನ್ನಾಗಿ ಮಾಡಿದ ನಗೆ ಚಿತ್ರಕಥೆಯಲ್ಲಿ ಅರ್ಧ ವಿಷಯ ಚಿತ್ರದಲ್ಲಿ, ಇನ್ನರ್ಧ ಮಾತಿನಲ್ಲಿ ಇರುತ್ತದೆ. ಚಿತ್ರ ನೋಡಿದ ಮಗುವಿಗೆ ಉಳಿದದ್ದು ಏನು ಅಂತ ತಿಳಿಯದೆ ಬಿಡಲು ಮನಸ್ಸಾಗುವುದಿಲ್ಲ. 49 ಅಕ್ಷರ, ಅದರ ಮೇಲೆ ಕಾಗುಣಿತ, ಅದರ ಕೆಳಗೆ ಒತ್ತಕ್ಷರ ಅಂತ ಸಾಲಾಗಿ ಬಾಯಿಪಾಠ ಮಾಡಿಸಿದರೆ ಮಗುವಿಗೆ ಓದುವ ಕಾರಣವೇ ಕಾಣುವುದಿಲ್ಲ. ಇಲ್ಲಿ ಕಾರಣ ಕಣ್ಣೆದುರೇ ಇದೆ. ‘ಢಬ್’, ‘ಧಡಾರ್’, ‘ಕಿರ್ರ್’ ಇವನ್ನಂತೂ ಯಾವ ಮಗುವೂ ಕೂಗದೆ ಬಿಡುವುದಿಲ್ಲ, ಹಾಗೆ ಕೂಗುತ್ತಲೇ ಮಹಾಪ್ರಾಣವೂ ಅರ್ಧಾಕ್ಷರವೂ ನಾಲಿಗೆಗೆ ಹತ್ತುತ್ತವೆ. ಗುಳ್ಳೆಯೊಳಗಿನ ಅಕ್ಷರ ಸಣ್ಣದಿದ್ದು ಒತ್ತಕ್ಷರ ಕಾಣದಿದ್ದರೆ ಫೋಟೋ ದೊಡ್ಡದು ಮಾಡಿ ಕೊಡಿ. ಓದಿದ ಮೇಲೆ ಅರ್ಥ ಕೇಳಿ ಪರೀಕ್ಷೆ ಮಾಡಲೇಬೇಡಿ. ನಕ್ಕರೆ ತಿಳಿದಿದೆ ಅಂತಲೇ ಲೆಕ್ಕ.

ಇಂಗ್ಲಿಷಿನ ಮಕ್ಕಳ ಚಿತ್ರಕಥೆ ಪತ್ರಿಕೆ ಟಿಂಕಲ್ ಓದುವ ಮಕ್ಕಳಿಗೆ ಇದು ಇನ್ನೂ ಸುಲಭ. 1980ರಲ್ಲಿ ಅದನ್ನು ಶುರು ಮಾಡಿದ ಅನಂತ ಪೈ ನಮ್ಮ ಕಾರ್ಕಳದವರು. ಹೇಳಿದ್ದನ್ನು ಹೇಳಿದಂತೆಯೇ ಮಾಡಿ ಎಡವಟ್ಟು ಮಾಡುವ ಸುಪ್ಪಂದಿ, ಕಣ್ಣು ಮುಚ್ಚುವಂತೆ ಟೊಪ್ಪಿಗೆ ಹಾಕಿದ ಪುಕ್ಕಲು ಬೇಟೆಗಾರ ಶಿಕಾರಿ ಶಂಭು, ಇಬ್ಬರೂ ಅದರಲ್ಲಿ ಬಂದದ್ದು 1983ರಲ್ಲಿ. ಶಂಭುವಿನ ಕಥೆಯನ್ನು ಅಜ್ಜನಿಗೆ ಫೋನಿನಲ್ಲಿ ಕನ್ನಡದಲ್ಲಿ ಹೇಳಲು ಬಿಡಿ. ಹುಲಿ ಹೇಗೆ ಬಲೆಗೆ ಬಿತ್ತು ಅಂತ ಹೇಳುವಷ್ಟರಲ್ಲಿ ಎಷ್ಟು ಕ್ರಿಯಾಪದ ಬೇಕಾಗುತ್ತದೆ ನೋಡಿ.

ಪತ್ರಿಕೆಯ ಭಾಷೆ ಬೇರೆ, ಮನೆಯ ಧಾರವಾಡ ಕಡೆಯ ಮಾತು ಬೇರೆ, ಮಗು ಗೊಂದಲಕ್ಕೆ ಬೀಳುತ್ತದೆ ಅಂತ ಒಬ್ಬರು ಬರೆದಿದ್ದೀರಿ. ನಾನು ಒಪ್ಪುವುದಿಲ್ಲ. ಅಪ್ಪ ‘ಎಲ್ಲಿಗೆ ಹೋಗುತ್ತಿದ್ದೀಯ’ ಅನ್ನುವುದನ್ನು ‘ಎಲ್ಲಿ ಹೊಂಟಿ’ ಅಂತಲೇ ಓದಿ ಹೇಳುತ್ತಾರೆ, ಮಗಳು ‘ಹಂಗ ಬರ್ದಿಲ್ಲ ಅಜ್ಜಾ’ ಅಂತ ತಿದ್ದುತ್ತಾಳೆ. ತಿದ್ದಬೇಕಾದರೆ ಅವಳು ಅಕ್ಷರ ನೋಡಲೇಬೇಕಲ್ಲ. ಎರಡೂ ಅವಳ ಕನ್ನಡವೇ.

ಈಗ ಮನೆಯಲ್ಲಿ ಹೊಸದೊಂದು ಶುರುವಾಗಿದೆ. ಪುಟದ ಪ್ರಿಂಟ್ ತೆಗೆದು, ಕೊನೆಯ ಗುಳ್ಳೆಗೆ ಬಿಳಿ ಕಾಗದ ಅಂಟಿಸಿ ಕೊಡುತ್ತೇನೆ. ಅದರಲ್ಲಿ ಏನು ಬರೆಯಬೇಕು ಅನ್ನುವುದು ಅವಳ ಇಷ್ಟ. ತಪ್ಪು ಕಾಗುಣಿತ ಬಹಳ ಇರುತ್ತದೆ, ನಾನು ಮುಟ್ಟುವುದಿಲ್ಲ, ಹಾಗೇ ಗದಗಿಗೆ ಹೋಗುತ್ತದೆ.

ರಜೆಗೆ ಹುಬ್ಬಳ್ಳಿ, ಧಾರವಾಡ, ಹಾವೇರಿ ಕಡೆ ಹೋಗುವವರು ಅಟ್ಟದ ಮೇಲೆ, ರದ್ದಿ ಅಂಗಡಿಯಲ್ಲಿ ಹಳೆಯ ಮಕ್ಕಳ ಪತ್ರಿಕೆ ಸಿಕ್ಕರೆ ಬ್ಯಾಗಿನಲ್ಲಿ ಒಂದಿಷ್ಟು ಜಾಗ ಮಾಡಿಕೊಂಡು ತನ್ನಿ. ನಮ್ಮಲ್ಲಿರುವ ಕಟ್ಟನ್ನು ಮೆಲ್ಬರ್ನಿನ ಯಾರಿಗೆ ಬೇಕಾದರೂ ಓದಲು ಕೊಡುತ್ತೇನೆ, ಬೇಕಾದವರು ಇಲ್ಲೇ ಕೆಳಗೆ ತಿಳಿಸಿ.